ನೆಗಡಿ ಇಳಿದರೂ ಮೂಗು ಇನ್ನೂ ಸರಿಯಾಗಿರುವುದಿಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಡಿದರೆ ಸಾಕು, ಮುಂಬೈಯ ಮೆಡಿಕಲ್ ಅಂಗಡಿಗಳಲ್ಲಿ ‘ಸೈನಸ್ ಆಗಿದೆ, ಏನಾದ್ರೂ ಕೊಡಿ’ ಎನ್ನುವವರ ಸಾಲು. ಚೀಟಿ ಕೇಳದೆಯೇ ಮೂರು ಆಂಟಿಬಯೋಟಿಕ್ ಮಾತ್ರೆ, ಒಂದು ಮೂಗಿನ ಡ್ರಾಪ್ಸ್ ಕೈಗೆ ಬರುತ್ತವೆ. ಹೆಚ್ಚಿನವರಿಗೆ ಆ ಮಾತ್ರೆ ಬೇಕಿರುವುದೇ ಇಲ್ಲ. ಅಂದಹಾಗೆ ಸೈನಸ್ ಎಲ್ಲರಿಗೂ ಇದೆ. ಅದು ಮುಖದ ಎಲುಬಿನೊಳಗಿನ ಗಾಳಿಗೂಡಿನ ಹೆಸರು.

ಮೂಗಿನ ಒಳಪೊರೆಯ ಒಂದೊಂದು ಕೋಶದ ನೆತ್ತಿಯಲ್ಲೂ ಸುಮಾರು 200 ಸೂಕ್ಷ್ಮ ರೋಮಗಳಿವೆ. ಸೆಕೆಂಡಿಗೆ ಹತ್ತಾರು ಸಲ ಬೀಸುತ್ತಾ ಅವು ಲೋಳೆಯನ್ನು ನಿಮಿಷಕ್ಕೆ 5-6 ಮಿಲಿಮೀಟರಿನಷ್ಟು ಗಂಟಲಿನತ್ತ ಸಾಗಿಸುತ್ತವೆ. ಕೆನ್ನೆಯ ಸೈನಸ್ಸಿನ ಕಿಂಡಿ ಇರುವುದು ಮೇಲ್ಭಾಗದಲ್ಲಿ. ಹಾಗಾಗಿ ಲೋಳೆ ತಾನಾಗಿ ಇಳಿಯದು, ರೋಮಗಳೇ ಅದನ್ನು ಗೋಡೆ ಹತ್ತಿಸಬೇಕು. ನೆಗಡಿಯ ವೈರಸ್ ಕೆಡಿಸುವುದು ಇದೇ ವ್ಯವಸ್ಥೆಯನ್ನು. ರೋಮ ಉದುರುತ್ತದೆ, ಪೊರೆ ಊದಿ ಕಿಂಡಿ ಮುಚ್ಚುತ್ತದೆ, ಲೋಳೆ ಒಳಗೇ ನಿಂತು ಮಂದವಾಗುತ್ತದೆ. 7ರಿಂದ 10 ದಿನದಲ್ಲಿ ನೆಗಡಿ ಇಳಿದರೂ ರೋಮ ಮತ್ತೆ ಚಿಗುರಿ ಕೆಲಸಕ್ಕೆ ಬರಲು ಕೆಲವು ವಾರ ಹಿಡಿಯುತ್ತದೆ. ಸಿಂಬಳ ಹಳದಿಯಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೊಕ್ಕಿತು ಎನ್ನಲಾಗದು. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದ್ದು. ದೊಡ್ಡವರಲ್ಲಿ ನೂರು ನೆಗಡಿಗೆ ಒಂದೆರಡರಲ್ಲಷ್ಟೇ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಹತ್ತು ದಿನವಾದರೂ ಇಳಿಯದಿದ್ದರೆ, ಇಲ್ಲವೇ ಇಳಿದದ್ದು ಮತ್ತೆ ಜೋರಾದರೆ ಆ ಸಂಶಯ. ನೆಗಡಿ ಇರುವಾಗಲೇ ಸಿಟಿ ಸ್ಕ್ಯಾನ್ ಮಾಡಿಸಿದರೆ ಬಹುಪಾಲು ಜನರ ಸೈನಸ್ ಕೆಟ್ಟದ್ದಾಗಿಯೇ ಕಾಣುತ್ತದೆ, ದುಡ್ಡು ದಂಡ.

ಸೈನಸ್ಸಿನ ಈ ತೊಂದರೆ 12 ವಾರ ದಾಟಿದರೆ ಮಾತು ಬೇರೆ. ಆಗ ಪೊರೆಯ ರಚನೆಯೇ ಬದಲಾಗಿರುತ್ತದೆ. ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ, ಅಡಿಪದರ ದಪ್ಪವಾಗುತ್ತದೆ, ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಹೀಗಾಗಿಯೇ ಇಂಥವರನ್ನು ಸಾಮಾನ್ಯ ನೆಗಡಿಯೂ ಹೆಚ್ಚು ಕಾಡುತ್ತದೆ. ಕೆಲವರಲ್ಲಿ ಪೊರೆ ನೀರು ತುಂಬಿ, ಸುಲಿದ ದ್ರಾಕ್ಷಿಯಂತೆ ಜೋಲುತ್ತದೆ. ಜನ ‘ದುರ್ಮಾಂಸ’ ಎನ್ನುವುದು ಇದಕ್ಕೇ. ಅದು ನೋಯುವುದಿಲ್ಲ, ಆದರೆ ವಾಸನೆ ಹೋಗುತ್ತದೆ. ಒಗ್ಗರಣೆ ಸೀದದ್ದೂ ಗ್ಯಾಸ್ ಸೋರಿದ್ದೂ ತಿಳಿಯದ ಸ್ಥಿತಿ.

ಮೂಗು ಬಿಡಿಸುವ ಡ್ರಾಪ್ಸನ್ನು ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಅದು ರಕ್ತನಾಳ ಬಿಗಿಯುತ್ತದೆ. ಅಭ್ಯಾಸವಾದರೆ ಪ್ರತಿ ಸಲ ಔಷಧಿಯ ಪ್ರಭಾವ ಇಳಿದಾಗಲೂ ಪೊರೆ ಮೊದಲಿಗಿಂತ ಹೆಚ್ಚು ಊದುತ್ತದೆ.

ಇದಕ್ಕಿಂತ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಎಷ್ಟೋ ಮೇಲು, ಆದರೆ ನೀರಿನ ಬಗ್ಗೆ ಅಸಡ್ಡೆ ಕೂಡದು. ಸೊಸೈಟಿಯ ಟಾಂಕಿಯದೋ ಟ್ಯಾಂಕರಿನದೋ ನೀರನ್ನು ನೇರ ಮೂಗಿಗೆ ಬಿಡಬೇಡಿ. ಮಿದುಳಿಗೇರುವ ಅಮೀಬಾ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ನೀರು ಕೊತಕೊತ ಕುದಿಯತೊಡಗಿದ ಮೇಲೆ ಇನ್ನೊಂದು ನಿಮಿಷ ಬಿಟ್ಟು, ಮುಚ್ಚಿ ಆರಿಸಿ. 240 ಮಿ.ಲೀ.ಗೆ ಅಯೋಡಿನ್ ಇಲ್ಲದ ಉಪ್ಪು 2 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ, ಮತ್ತು ಒಂದು ಚಿಟಿಕೆ ಅಡುಗೆ ಸೋಡಾ. ಬರೀ ನೀರಾದರೆ ಉರಿಯುತ್ತದೆ. ಬೇಸಿನ್ನಿಗೆ ಬಗ್ಗಿ, ಬಾಯಿ ತೆರೆದು ಉಸಿರಾಡುತ್ತಾ ಬಿಡಿ. ಆಮೇಲೆ ಜೋರಾಗಿ ಸೀಟಬೇಡಿ, ಕಿವಿ ಕಟ್ಟೀತು. ಬಾಟಲಿಯನ್ನು ತೊಳೆದು ಪೂರ್ತಿ ಒಣಗಿಸಿ.

ವೈದ್ಯರು ಸ್ಟಿರಾಯ್ಡ್ ಸ್ಪ್ರೇ ಬರೆದಿದ್ದರೆ ತೊಳೆದು ಹದಿನೈದು ನಿಮಿಷದ ನಂತರ ಹೊಡೆಯಿರಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲಕ್ಕೆ. ತುದಿ ಕಿವಿಯ ಕಡೆ ಇರಲಿ, ನಡುಗೋಡೆಗೆ ತಾಗಿದರೆ ರಕ್ತ ಬರುತ್ತದೆ. ಎಳೆದು ಮೂಸಿದರೆ ಔಷಧಿ ಗಂಟಲಿಗೆ ಹೋಗುತ್ತದೆ. ಎರಡು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು, ವಾರಗಟ್ಟಲೆ ಹಾಕಬೇಕು.

ಸಕ್ಕರೆ ಕಾಯಿಲೆಯವರಿಗೆ ಮುಖದ ಒಂದು ಬದಿ ಜೋಮು ಹಿಡಿದರೆ, ಕಣ್ಣು ಊದಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮೂಗಿನಲ್ಲಿ ಕಪ್ಪು ಹಕ್ಕಳೆ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. 2021ರಲ್ಲಿ ಕೋವಿಡ್ ಬಂದುಹೋದವರಲ್ಲಿ ಬ್ಲ್ಯಾಕ್ ಫಂಗಸ್ ಶುರುವಾದದ್ದು ಹೀಗೆಯೇ.

– ಇಬ್ಬರು ಕಿವಿ, ಮೂಗು, ಗಂಟಲು ವೈದ್ಯರು, ಡೊಂಬಿವಲಿ