ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ

ಅಪ್ಪನಿಗೆ ಅಮ್ಮನ ಕಿಡ್ನಿ ಹಾಕಿದ್ದು 2006ರಲ್ಲಿ. ಅಂದಿನಿಂದ ಟ್ಯಾಕ್ರೋಲಿಮಸ್ ಮಾತ್ರೆ ತಪ್ಪಿಸಿಲ್ಲ. ಕಸಿ ಮಾಡಿದ ಕಿಡ್ನಿಯನ್ನು ಉಳಿಸುವ ಈ ಮಾತ್ರೆಗಳೇ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುತ್ತವೆ. ಕಸಿಯಾದವರಲ್ಲಿ ಕೆಲವು ಕ್ಯಾನ್ಸರ್ ಜಾಸ್ತಿ ಕಾಣೋದಕ್ಕೆ ಅದೂ ಒಂದು ಕಾರಣ. ಈ ವರ್ಷ ಅಪ್ಪನ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಬೆಂಗಳೂರಿನಲ್ಲೇ ಆಪರೇಷನ್ ಆಯಿತು.

ಆ ರಾತ್ರಿ ಅಪ್ಪ ನೋವು ತಡೆಯಲಾರದೆ ನರಳುತ್ತಿದ್ದರು. ಟ್ರೇಯಲ್ಲಿ ನೋವು ಕಡಿಮೆ ಮಾಡುವ ಡೈಕ್ಲೋಫೆನಾಕ್ ಇಂಜೆಕ್ಷನ್ ಸಿದ್ಧವಾಗಿತ್ತು. ನೀವು ಬಂದು ಕೇಸ್ ಶೀಟ್ ತಿರುವಿದಿರಿ. ಹೊಟ್ಟೆಯ ಬಲಗಡೆ ಇದ್ದ ಹಳೇ ಹೊಲಿಗೆ ಗುರುತು ನೋಡಿದಿರಿ. “ಇವರದು ಕಸಿ ಮಾಡಿದ ಕಿಡ್ನಿ ಅಲ್ವಾ? ಇದು ಕಿಡ್ನಿಗೆ ಆಗಲ್ಲ” ಅಂದು, ಟ್ರೇ ಪಕ್ಕಕ್ಕಿಟ್ಟು, ಡಾಕ್ಟರಿಗೆ ಫೋನ್ ಮಾಡಿ ಬೇರೆ ಔಷಧಿ ಬರೆಸಿದಿರಿ.

ಬೆಳಗ್ಗೆ ಡ್ಯೂಟಿ ಮುಗಿದರೂ ಹೋಗಲಿಲ್ಲ. ಟ್ಯಾಕ್ರೋಲಿಮಸ್ ಮಾತ್ರೆ ನುಂಗುವ ಮೊದಲೇ ರಕ್ತ ತೆಗೆಸಿದಿರಿ. ನುಂಗಿದ ಮೇಲೆ ತೆಗೆದರೆ ಔಷಧಿ ಮಟ್ಟ ಸರಿಯಾಗಿ ತಿಳಿಯಲ್ಲ ಅಂತ ಬಿಡಿಸಿ ಹೇಳಿದಿರಿ. ಮೂತ್ರದ ಚೀಲ ತೋರಿಸಿ, “ನೋಡಿ ಅಮ್ಮ, ನಿಮ್ಮ ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆ” ಅಂದಿರಿ. ಅಮ್ಮ ಆಗ ಅತ್ತೇಬಿಟ್ಟರು.

ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ ಏರಲಿಲ್ಲ. ಅಪ್ಪ ಮನೆಗೆ ಬಂದಿದ್ದಾರೆ. ನಿಮ್ಮ ಹೆಸರು ಗೊತ್ತಿಲ್ಲ ಸಿಸ್ಟರ್. ನಮ್ಮ ಮನೆಯವರೆಲ್ಲರ ಕಡೆಯಿಂದ ನಿಮಗೆ ಕೈಮುಗಿದು ಧನ್ಯವಾದ.