ಡೊಮೈನ್ ಯಾರ ಹೆಸರಿನಲ್ಲಿದೆ, ನೋಡಿಕೊಂಡಿದ್ದೀರಾ?

ಮಾನ್ಯ ಸಂಪಾದಕರೇ,

ದಸರಾ ಹತ್ತಿರ ಬಂದಂತೆ ಮೈಸೂರಿನ ಹೋಂಸ್ಟೇ, ಲಾಡ್ಜ್, ರೇಷ್ಮೆ ಸೀರೆ ಅಂಗಡಿಗಳವರು ವೆಬ್‌ಸೈಟ್ ಮಾಡಿಸಲು ಅವಸರ ಮಾಡುತ್ತಾರೆ. ಮಂಡ್ಯದ ಕಡೆ ಬೆಲ್ಲದ ವ್ಯಾಪಾರಿಗಳೂ ಆನ್‌ಲೈನ್ ಮಾರಾಟಕ್ಕೆ ಇಳಿದಿದ್ದಾರೆ. ಮಳಿಗೆಯೊಂದನ್ನು 11 ತಿಂಗಳ ಬಾಡಿಗೆಗೆ ಹಿಡಿಯುವಾಗ ಛಾಪಾ ಕಾಗದ, ಇಬ್ಬರು ಸಾಕ್ಷಿ ಎಲ್ಲವೂ ಬೇಕೆನ್ನುವ ಇದೇ ಜನ, ವೆಬ್‌ಸೈಟಿಗೆ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಪುಟದ ಕೊಟೇಷನ್ ನೋಡಿ 'ಸರಿ, ಶುರು ಮಾಡಿ' ಎಂದು ಮುಂಗಡ ಕಳಿಸಿಬಿಡುತ್ತಾರೆ. ಹಾಗೆ ಒಪ್ಪಿದ್ದೂ ಕರಾರೇ. 2000ರ ಐಟಿ ಕಾಯ್ದೆಯ 10ಎ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ನಡೆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಜಗಳ ಬಂದಾಗ, ಆ ಚಾಟಿನಲ್ಲಿ ಇಬ್ಬರೂ ಒಪ್ಪಿದ್ದು ಏನನ್ನು ಎಂದು ಹುಡುಕಿದರೆ ಮೊತ್ತ ಬಿಟ್ಟು ಬೇರೇನೂ ಸಿಗುವುದಿಲ್ಲ, ಅಷ್ಟೇ.

ಮೊದಲು ಡೊಮೈನ್, ಅಂದರೆ ಸೈಟಿನ ವಿಳಾಸ. ಡೆವಲಪರ್, ಅಂದರೆ ಸೈಟ್ ಮಾಡಿಕೊಡುವವನು, ಅದನ್ನು ತನ್ನ ಖಾತೆಯಲ್ಲೇ, ಬೇರೆ ಗ್ರಾಹಕರ ಡೊಮೈನ್‌ಗಳ ಜೊತೆ ಕೊಂಡಿಟ್ಟಿರುತ್ತಾನೆ. ಹೆಚ್ಚಿನ ಸಲ ಮೋಸದ ಉದ್ದೇಶವಿರುವುದಿಲ್ಲ, ಅವನಿಗೆ ಅದು ಸುಲಭ. ಆದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ದಾಖಲೆಯ ಮಟ್ಟಿಗೆ ಅವರೇ ಹಕ್ಕುದಾರರು. ನವೀಕರಣದ ನೋಟಿಸ್ ಹೋಗುವುದೂ ಅವರ ಇ-ಮೇಲಿಗೆ. ಡಾಟ್ ಕಾಮ್ ವಿಳಾಸದ ಅವಧಿ ಮುಗಿದು, ಡೊಮೈನ್ ಮಾರಿದ ಕಂಪನಿ ಕೊಡುವ ರಿಯಾಯಿತಿ ದಿನಗಳೂ ಕಳೆದರೆ, ಆಮೇಲಿನ 30 ದಿನ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಮುಗಿದು ಮತ್ತೆ 5 ದಿನ ಆದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಡೊಮೈನನ್ನು ಬೇರೆ ಕಂಪನಿಗೆ ವರ್ಗಾಯಿಸಲು ಬೇಕಾದ ಗುಪ್ತ ಸಂಕೇತ, ಅಂದರೆ ಇಪಿಪಿ ಕೋಡ್ ಸಿಗುವುದೂ ಆ ಖಾತೆಯ ಒಳಗಿನಿಂದಲೇ. ಆದ್ದರಿಂದ ಡೊಮೈನ್ ಅನ್ನು ಮಾಲೀಕರ ಖಾತೆಯಲ್ಲಿ, ಅವರದೇ ಮೊಬೈಲ್ ಮತ್ತು ಇ-ಮೇಲ್ ಕೊಟ್ಟು ಕೊಳ್ಳತಕ್ಕದ್ದು, ಡೆವಲಪರ್‌ಗೆ ಕೆಲಸದ ಮಟ್ಟಿನ ಪ್ರವೇಶ ಮಾತ್ರ ಎಂದು ಬರೆಯಬೇಕು. ಇನ್ನೊಂದು ಸೂಕ್ಷ್ಮ: ಆ ಇ-ಮೇಲ್ ಅದೇ ಡೊಮೈನ್ ಮೇಲೆ ಇರಕೂಡದು. ಡೊಮೈನ್ ನಿಂತ ದಿನ ಮೇಲ್ ಕೂಡ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬರಲು ಜಾಗವೇ ಇರುವುದಿಲ್ಲ.

ಹೋಸ್ಟಿಂಗ್ (ಸೈಟಿನ ಕಡತಗಳನ್ನು ಇಡುವ ಸರ್ವರ್ ಜಾಗ), ಗೂಗಲ್‌ನ ವ್ಯಾಪಾರ ಪ್ರೊಫೈಲ್, ಆನ್‌ಲೈನ್ ಹಣ ಪಡೆಯುವ ಪೇಮೆಂಟ್ ಗೇಟ್‌ವೇ, ಒಟಿಪಿ ಸಂದೇಶ ಕಳಿಸಲು ದೂರಸಂಪರ್ಕ ಕಂಪನಿಗಳಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿ, ಇವುಗಳಿಗೂ ಇದೇ ನಿಯಮ. ಕೆಲಸ ಇನ್ನೊಬ್ಬರ ಕೈಗೆ ಹೋಗುವಾಗ ಡಿಎನ್ಎಸ್ ದಾಖಲೆಗಳ (ಡೊಮೈನ್‌ನ ಸೈಟ್, ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ತಿಳಿಸುವ ಪಟ್ಟಿ) ಪೂರ್ತಿ ಪ್ರತಿಯನ್ನೂ ಕೇಳಿ ಪಡೆಯಬೇಕು. ಹೊಸಬರು ಆ ಪಟ್ಟಿ ಇರುವ ನೇಮ್‌ಸರ್ವರ್ ಬದಲಿಸುವ ಭರದಲ್ಲಿ, ಮೇಲ್‌ಗೆ ದಾರಿ ತೋರುವ ಎಂಎಕ್ಸ್ ದಾಖಲೆ ನಕಲು ಮಾಡುವುದನ್ನು ಮರೆತರೆ ಸೈಟ್ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಮೇಲ್ ಬರುತ್ತಿಲ್ಲ ಎಂಬುದು ಗೊತ್ತಾಗುವುದು ಗ್ರಾಹಕರು ಫೋನ್ ಮಾಡಿ ಬೈದ ಮೇಲೆ.

ಎರಡನೆಯದು ಕೃತಿಸ್ವಾಮ್ಯ. 'ದುಡ್ಡು ಕೊಟ್ಟಿದ್ದೇನೆ, ಕೋಡ್ ನನ್ನದು' ಎಂದು ಮಾಲೀಕರು ನಂಬಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಅದು ಮಾಲೀಕರದು. ಹೊರಗಿನವರಿಂದ ಮಾಡಿಸಿದರೆ, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸುವವರೆಗೂ ಅದು ಸಾಮಾನ್ಯವಾಗಿ ಬರೆದವರದೇ. 19ನೇ ಕಲಮಿನಲ್ಲಿ ಇನ್ನೂ ಮೂರು ಗಂಟುಗಳಿವೆ. ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ, 1 ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ರದ್ದು. ಹೀಗಾಗಿ 'ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ, ಬಳಸದಿದ್ದರೂ ರದ್ದಾಗದಂತೆ' ಎಂಬ ಮೂರು ಮಾತು ಕರಾರಿನಲ್ಲಿ ಬರಲೇಬೇಕು. ಇಂಟರ್ನೆಟ್‌ನಿಂದ ಇಳಿಸಿಕೊಂಡ ಅಮೆರಿಕದ ನಮೂನೆಗಳಲ್ಲಿ 'ವರ್ಕ್ ಮೇಡ್ ಫಾರ್ ಹೈರ್' (ಮಾಡಿಸಿದವರಿಗೇ ಹಕ್ಕು ಸೇರುವ ಕೃತಿ) ಎಂದಿರುತ್ತದೆ. ಅದು ಅಲ್ಲಿನ ಕಾನೂನಿನ ಪದ, ನಮ್ಮ ಕಾಯ್ದೆಯಲ್ಲಿ ಇಲ್ಲ. ಕ್ಯಾಲಿಫೋರ್ನಿಯಾ ನ್ಯಾಯಾಲಯದ ವ್ಯಾಪ್ತಿ ಎಂಬ ಸಾಲನ್ನೂ ಅಳಿಸದೆ ಸಹಿ ಮಾಡುವವರಿದ್ದಾರೆ! ಡೆವಲಪರ್‌ಗಳ ಹಿತವೂ ಇದರಲ್ಲೇ ಇದೆ: ಪೂರ್ತಿ ಹಣ ಸಂದ ದಿನದಿಂದ ಮಾತ್ರ ಹಕ್ಕು ವರ್ಗಾವಣೆ ಎಂದು ಬರೆದುಕೊಳ್ಳಬಹುದು. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಂಥ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಬಹುದಾದ ಮುಕ್ತ ಕೋಡ್) ಭಾಗಗಳನ್ನು ಯಾರೂ ಯಾರಿಗೂ ಬರೆದುಕೊಡಲಾಗದು, ಅವನ್ನು ಬೇರೆಯಾಗಿ ಪಟ್ಟಿ ಮಾಡಬೇಕು.

ಇನ್ನು ಕೆಲಸದ ವಿವರ. 'ಡೈನಮಿಕ್ ವೆಬ್‌ಸೈಟ್, ಎಲ್ಲ ಸೇರಿ' ಎಂದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟು ಪುಟ, ಎಷ್ಟು ಭಾಷೆ, ವಿನ್ಯಾಸಕ್ಕೆ ಎಷ್ಟು ಸುತ್ತು ತಿದ್ದುಪಡಿ (ಎರಡು ಸಾಕು), ಆಮೇಲಿನ ಬದಲಾವಣೆಗೆ ಗಂಟೆಗೆ ಎಷ್ಟು ಎಂದು ಅಂಕಿ ಹಾಕಿ. ಕನ್ನಡ ಪುಟಗಳಿದ್ದರೆ ಪಠ್ಯ ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಸಮಾನವಾದ ಅಕ್ಷರ ಸಂಕೇತ) ಬರಬೇಕೆಂಬುದನ್ನೂ ಸೇರಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತ ಹಾಗೇ ಅಂಟಿಸಿದರೆ ಓದಲು ಬರುವುದಿಲ್ಲ, ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುತ್ತವೆ. ಅದನ್ನು ತಿದ್ದಲು ಬೇಕಾಗುವ ದಿನಗಳನ್ನು ಯಾರೂ ಲೆಕ್ಕ ಹಿಡಿದಿರುವುದಿಲ್ಲ. ಸಿದ್ಧವಾದ ಸೈಟನ್ನು ಪರೀಕ್ಷಿಸಲು ಮಾಲೀಕರಿಗೆ 10 ದಿನ, ಅಷ್ಟರಲ್ಲಿ ಲಿಖಿತ ತಕರಾರು ಬಾರದಿದ್ದರೆ ಒಪ್ಪಿದಂತೆ, ಆಮೇಲೆ 90 ದಿನ ದೋಷಗಳ ಉಚಿತ ರಿಪೇರಿ. ಒಪ್ಪಿದ ಹಾಗೆ ಕೆಲಸ ಮಾಡದಿದ್ದರೆ ಅದು ದೋಷ, ಒಪ್ಪದೇ ಇದ್ದದ್ದನ್ನು ಈಗ ಕೇಳಿದರೆ ಅದು ಹೊಸ ಕೆಲಸ. ಈ ವ್ಯತ್ಯಾಸ ಕರಾರಿನಲ್ಲಿ ಇಲ್ಲದಿದ್ದರೆ ಕೊನೆಯ ಕಂತು ಎಂದೂ ಬರುವುದಿಲ್ಲ.

ಹಣವನ್ನು ಹಂತಗಳಿಗೆ ಕಟ್ಟಿಹಾಕುವುದೇ ಒಳ್ಳೆಯದು: ಮುಂಗಡ ಶೇ 30, ವಿನ್ಯಾಸ ಒಪ್ಪಿದಾಗ ಶೇ 30, ಪರೀಕ್ಷೆಗೆ ಕೊಟ್ಟಾಗ ಶೇ 30, ಹಸ್ತಾಂತರದ ದಿನ ಉಳಿದದ್ದು. ಜಿಎಸ್‌ಟಿ ಸೇರಿಯೋ, ಪ್ರತ್ಯೇಕವೋ ಎಂದು ಮೊದಲೇ ಬರೆಯಿರಿ. ಫೋಟೊ, ದರಪಟ್ಟಿ ಕೊಡಲು ಮಾಲೀಕರು ತಡ ಮಾಡಿದರೆ ಗಡುವು ಅಷ್ಟೇ ದಿನ ಮುಂದಕ್ಕೆ ಹೋಗುತ್ತದೆ ಎಂಬ ಸಾಲೂ ಇರಲಿ. ದಸರೆಗೆ ಮುಂಚೆ ಬೇಕೆಂದು ಅವಸರಿಸಿ, ಕೋಣೆಗಳ ಚಿತ್ರವನ್ನು ಆಯುಧಪೂಜೆಯ ದಿನ ಕಳಿಸುವುದು ಹೊಸದೇನಲ್ಲ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಡೆವಲಪರ್‌ಗಳಿಗೆ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಆಸರೆಯಿದೆ: ಏನೇ ಬರೆದುಕೊಂಡಿದ್ದರೂ ಮುಗಿದ ಕೆಲಸವನ್ನು ಮಾಲೀಕರು ಒಪ್ಪಿಕೊಂಡ 45 ದಿನದೊಳಗೆ ಹಣ ಸಲ್ಲಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ದಾರಿ ಇರುವಾಗ, ಬಾಕಿ ಬರಲಿಲ್ಲವೆಂಬ ಸಿಟ್ಟಿನಲ್ಲಿ ಮಾಲೀಕರ ಸರ್ವರ್ ಒಳಹೊಕ್ಕು ಸೈಟ್ ನಿಲ್ಲಿಸುವುದು ದಡ್ಡತನ. ಐಟಿ ಕಾಯ್ದೆಯ 43ನೇ ಕಲಂ ಪ್ರಕಾರ ಪರಿಹಾರ ತೆರಬೇಕಾದವರು ಆಗ ಡೆವಲಪರೇ.

ನಿರ್ವಹಣೆಗೆ ಪ್ರತ್ಯೇಕ ವಾರ್ಷಿಕ ಕರಾರು ಬೇಕು. ಬ್ಯಾಕಪ್ ಎಂದರೆ ಕಡತ ಮತ್ತು ಡೇಟಾಬೇಸ್ ಎರಡೂ, ವಾರಕ್ಕೊಮ್ಮೆ, ಬೇರೆ ಜಾಗದಲ್ಲಿ. ಹಣ ಕೊಟ್ಟು ಕೊಂಡ ಪ್ಲಗಿನ್‌ಗಳ (ಸೈಟಿಗೆ ಹೆಚ್ಚುವರಿ ಸೌಲಭ್ಯ ಜೋಡಿಸುವ ತಂತ್ರಾಂಶ) ಲೈಸೆನ್ಸ್ ಯಾರು ನವೀಕರಿಸಬೇಕು ಎಂಬುದೂ ಅದರಲ್ಲಿರಲಿ. ಹ್ಯಾಕರ್‌ಗಳು ಹೆಚ್ಚಾಗಿ ಒಳಬರುವುದು ಅಪ್‌ಡೇಟ್ ನಿಂತ ಪ್ಲಗಿನ್ ಮೂಲಕವೇ.

ಮೈಸೂರು, ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಮತ್ತು ವ್ಯಾಪಾರಿ ಸಂಘಗಳು ವಕೀಲರಿಂದ ನಾಲ್ಕು ಪುಟದ ಮಾದರಿ ಕರಾರನ್ನು ಕನ್ನಡದಲ್ಲಿ ಬರೆಸಿ ಹಂಚಲಿ. ಕನ್ನಡದಲ್ಲಿ ಬರೆದ ಕರಾರಿಗೆ ಕಾನೂನಿನ ಅಡ್ಡಿಯಿಲ್ಲ. ಅಷ್ಟರೊಳಗೆ, ಈಗಾಗಲೇ ಸೈಟ್ ಇರುವವರು ಡೊಮೈನ್ ಬಿಲ್ ತರಿಸಿಕೊಂಡು ಅದರ ಮೇಲಿನ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ನೋಡಿಕೊಳ್ಳಲಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮುಗಿಯುವುದಿದ್ದರೆ ಈಗಲೇ ನವೀಕರಿಸಲಿ.

– ವೆಬ್ ಅಭಿವೃದ್ಧಿ ಕ್ಷೇತ್ರದ ಓದುಗರು, ಸರಸ್ವತಿಪುರಂ, ಮೈಸೂರು