ಸುದ್ದಿ ದಾಟಿಸುವವರನ್ನೂ ನೆನೆದು ಬರೆಯಿರಿ

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ಅಚ್ಚಾದ ಮಾತು ನೇರವಾಗಿ ಎಲ್ಲರ ಮನಸ್ಸಿಗೂ ಇಳಿಯುತ್ತದೆ ಎಂಬ ನಂಬಿಕೆ ಮುಂಬಯಿ ಕನ್ನಡಿಗರ ನಡುವೆ ಮೂವತ್ತು ವರ್ಷ ಓಡಾಡಿದ ನನಗೆ ಉಳಿದಿಲ್ಲ. ಬೆಳಗಿನ ಲೋಕಲ್‌ನಲ್ಲಿ ದಿನವೂ ಒಂದೇ ಡಬ್ಬಿ ಹತ್ತುವ ಗುಂಪಿನಲ್ಲಾಗಲಿ, ಸಂಘದ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತವರಲ್ಲಾಗಲಿ, ಪತ್ರಿಕೆ ಓದಿ ಬಂದ ಒಬ್ಬಿಬ್ಬರು ಹೇಳಿದ್ದೇ ಉಳಿದವರ ಪಾಲಿಗೆ ಸುದ್ದಿ.

1940ರ ಅಮೆರಿಕದ ಅಧ್ಯಕ್ಷ ಚುನಾವಣೆಯ ವೇಳೆ ಸಮಾಜವಿಜ್ಞಾನಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿ ಕಂಡುಕೊಂಡದ್ದೂ ಇದನ್ನೇ. ರೇಡಿಯೊ ಮತ್ತು ಪತ್ರಿಕೆಗಳ ಮಾತು ಮೊದಲು ಅವನ್ನು ಹೆಚ್ಚು ಗಮನಿಸುವ ಕೆಲವರನ್ನು ಮುಟ್ಟಿ, ಅವರ ಮೂಲಕ ಮಿಕ್ಕವರಿಗೆ ಹರಿಯುತ್ತಿತ್ತು. ಅಂಥವರು ಸಿರಿವಂತರಲ್ಲಿ ಮಾತ್ರವಲ್ಲ, ಎಲ್ಲ ವರ್ಗಗಳಲ್ಲೂ ಇದ್ದರು. ನಮ್ಮಲ್ಲಿಯೂ ಸಂಘದ ಅಧ್ಯಕ್ಷರಿಗಿಂತ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕೂರುವವರ ಮಾತಿಗೆ ತೂಕ ಹೆಚ್ಚಿರುವುದನ್ನು ನಾನು ಬಲ್ಲೆ.

ಹೌಸಿಂಗ್ ಸೊಸೈಟಿಗಳ ಹಳೆಯ ಕಟ್ಟಡಗಳ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ, ಬೇಕಾದ ಸದಸ್ಯರ ಒಪ್ಪಿಗೆಯನ್ನು ಮಹಾರಾಷ್ಟ್ರ ಸರ್ಕಾರ 2019ರಲ್ಲಿ ಶೇ 75ರಿಂದ ಶೇ 51ಕ್ಕೆ ಇಳಿಸಿತು. ನಮ್ಮ ಸೊಸೈಟಿಯಲ್ಲಿ ಎಲ್ಲರೂ ಗೌರವಿಸುವ ಹಿರಿಯರೊಬ್ಬರು ಅದನ್ನು ಓದಿ, 'ಇನ್ನು ನಮ್ಮ ಒಪ್ಪಿಗೆಯೇ ಬೇಕಿಲ್ಲವಂತೆ' ಎಂದರು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ; ಶೀರ್ಷಿಕೆ ಓದಿದ್ದರು, ಒಳಗಿನ ವಿವರ ಓದಿರಲಿಲ್ಲ. ಆದರೆ ಬಾಡಿಗೆಗೆ ಬೇರೆ ಮನೆ ಹಿಡಿಯುವ ಶಕ್ತಿಯಿಲ್ಲದ ವೃದ್ಧ ದಂಪತಿ ವಾರಗಟ್ಟಲೆ ನಿದ್ದೆಗೆಟ್ಟರು. ನಾನು ಪತ್ರಿಕೆಯನ್ನೇ ತೋರಿಸಿದರೂ, 'ಅವರೇ ಹೇಳಿದ್ದಾರಲ್ಲ' ಎಂಬ ಉತ್ತರ ಬಂತು. ನಂಬಿಕೆ ಅಕ್ಷರದ ಮೇಲಲ್ಲ, ಮುಖದ ಮೇಲೆ ಇರುತ್ತದೆ ಎಂಬುದು ಅಂದು ನನ್ನನ್ನು ಬಹಳ ಕಾಡಿತು.

ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿ ಹಾಕಿತು. ಬಾಯಿಮಾತಿಗೆ ಅಂಥ ಮಿತಿ ಇಲ್ಲ. ಆದುದರಿಂದ ಸುದ್ದಿ ದಾಟಿಸುವ ಹಿರಿಯರು, ಶಿಕ್ಷಕರು, ಸಂಘದ ಪದಾಧಿಕಾರಿಗಳು 'ಪತ್ರಿಕೆಯಲ್ಲಿ ಇಷ್ಟಿದೆ, ಇದು ನನ್ನ ಅಭಿಪ್ರಾಯ' ಎಂದು ಬಿಡಿಸಿ ಹೇಳಬೇಕೆಂಬುದು ನನ್ನ ವಿನಂತಿ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಕಾನೂನು, ಮನೆ, ಪಿಂಚಣಿಗೆ ಸಂಬಂಧಿಸಿದ ಸುದ್ದಿಗಳಲ್ಲಿ ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂಬುದನ್ನು ಮೊದಲ ಎರಡು ಸಾಲುಗಳಲ್ಲೇ ಹೇಳಿ. ತಪ್ಪು ಅಚ್ಚಾದರೆ ತಿದ್ದುಪಡಿಯನ್ನು ಒಳಪುಟದ ಮೂಲೆಗೆ ತಳ್ಳದೆ, ತಪ್ಪು ಬಂದ ಪುಟದಲ್ಲೇ ಪ್ರಕಟಿಸಿ. ಸುದ್ದಿ ದಾಟಿಸಿದವರ ಕಣ್ಣಿಗೇ ಅದು ಬೀಳದಿದ್ದರೆ ಅವರಿಂದ ಕೇಳಿದವರಿಗೆ ಎಂದಿಗೂ ತಲುಪದು.

ಇತಿ,
ತಮ್ಮ ಓದುಗ,
ಡೊಂಬಿವಲಿ (ಪೂರ್ವ)